ಸಿ ಭಾಷೆಯ ಸ್ಟ್ರಕ್ಚರ್ ಪಾಯಿಂಟರ್: ಐವತ್ತು ವರ್ಷಗಳ ಇತಿಹಾಸ

ಬೇರೆ ಬೇರೆ ಬಗೆಯ ಮಾಹಿತಿಯನ್ನು ಒಂದೇ ಹೆಸರಿನಡಿ ಕೂಡಿಸಿಡಲು ಸಿ ಭಾಷೆಯಲ್ಲಿರುವ ಸಾಧನ ಸ್ಟ್ರಕ್ಚರ್. ಅದು ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸವನ್ನು ಇಟ್ಟುಕೊಳ್ಳುವುದು ಸ್ಟ್ರಕ್ಚರ್ ಪಾಯಿಂಟರ್. ಒಂದು ಫಂಕ್ಷನ್ ಸ್ಟ್ರಕ್ಚರ್ ಸಿದ್ಧಪಡಿಸಿ ಅದರ ಪಾಯಿಂಟರನ್ನು ಹಿಂದಿರುಗಿಸುವುದು, ಕರೆದ ಫಂಕ್ಷನ್ ಆ ಪಾಯಿಂಟರ್ ಹಿಡಿದು ಮುಂದಿನ ಕೆಲಸ ನಡೆಸುವುದು ಸಿ ಪ್ರೋಗ್ರಾಮ್‌ಗಳಲ್ಲಿ ತೀರ ಸಾಮಾನ್ಯ. ಫೈಲ್ ತೆರೆಯುವುದು, ಡೈರೆಕ್ಟರಿ ಓದುವುದು, ಗಂಟೆ ನಿಮಿಷಗಳ ಲೆಕ್ಕ ಪಡೆಯುವುದು ಎಲ್ಲವೂ ಹೀಗೆಯೇ ನಡೆಯುತ್ತವೆ. ಪಾಯಿಂಟರ್‌ನ ಟೈಪ್ ನೋಡಿದರೆ ಆ ವಿಳಾಸದಲ್ಲಿ ಏನಿದೆ ಎಂಬುದು ಗೊತ್ತಾಗುತ್ತದೆ. ಆ ಜಾಗ ಯಾರದು, ಎಲ್ಲಿಯವರೆಗೆ ಅದನ್ನು ನಂಬಬಹುದು, ಕೊನೆಗೆ ಬಿಟ್ಟುಕೊಡಬೇಕಾದವರು ಯಾರು ಎಂಬುದು ಗೊತ್ತಾಗುವುದಿಲ್ಲ. ಈ ಪದ್ಧತಿಯ ಇತಿಹಾಸವು ಬಹುಮಟ್ಟಿಗೆ ಆ ಪ್ರಶ್ನೆಗಳಿಗೆ ಕಾಲಕಾಲಕ್ಕೆ ದೊರೆತ ಉತ್ತರಗಳ ಇತಿಹಾಸವೇ ಆಗಿದೆ.

ಟೈಪ್ ಇಲ್ಲದ ಭಾಷೆಗಳು

ಸಿ ಭಾಷೆಯ ಮೂಲ ಕೇಂಬ್ರಿಜ್‌ನ ಮಾರ್ಟಿನ್ ರಿಚರ್ಡ್ಸ್ 1967ರಲ್ಲಿ ರೂಪಿಸಿದ ಬಿಸಿಪಿಎಲ್ ಭಾಷೆಯಲ್ಲಿದೆ. ಬಿಸಿಪಿಎಲ್‌ನಲ್ಲಿ ಟೈಪ್ ಎಂಬುದೇ ಇರಲಿಲ್ಲ. ಮೆಮೊರಿಯೆಂದರೆ ಸಾಲಾಗಿ ಕೂತ ವರ್ಡ್‌ಗಳು. ಪ್ರತಿ ವರ್ಡ್‌ಗೂ ಒಂದು ಕ್ರಮಸಂಖ್ಯೆ. ಆ ಕ್ರಮಸಂಖ್ಯೆಯೇ ಪಾಯಿಂಟರ್. ವರ್ಡ್‌ನಲ್ಲಿರುವುದು ಎಣಿಕೆಯೋ, ಅಕ್ಷರವೋ, ವಿಳಾಸವೋ ಎಂಬುದು ಅದನ್ನು ಬಳಸುವ ರೀತಿಯಿಂದ ಮಾತ್ರ ತೀರ್ಮಾನವಾಗುತ್ತಿತ್ತು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಪಿಡಿಪಿ-7 ಯಂತ್ರಕ್ಕಾಗಿ ಬಿಸಿಪಿಎಲ್ ಅನ್ನು ಇಳಿಸಿ ಬಿ ಭಾಷೆಯನ್ನು ಮಾಡಿದಾಗಲೂ ಈ ಏರ್ಪಾಡು ಹಾಗೆಯೇ ಉಳಿಯಿತು. ಈ ಎರಡೂ ಭಾಷೆಗಳಲ್ಲಿ ಒಂದು ಅರೇ ಘೋಷಿಸಿದರೆ ಎರಡು ಕೆಲಸ ನಡೆಯುತ್ತಿದ್ದವು. ಅರೇಗೆ ಬೇಕಾದಷ್ಟು ವರ್ಡ್‌ಗಳು ಮೀಸಲಾಗುತ್ತಿದ್ದವು; ಜೊತೆಗೆ ಇನ್ನೊಂದು ವರ್ಡ್‌ನಲ್ಲಿ ಆ ಜಾಗದ ವಿಳಾಸ ದಾಖಲಾಗುತ್ತಿತ್ತು. ಅರೇಯ ಹೆಸರು ಸೂಚಿಸುತ್ತಿದ್ದುದು ಈ ಎರಡನೆಯ ವರ್ಡನ್ನು.

ಅದೇ ದಶಕದಲ್ಲಿ ಬೇರೆ ಭಾಷೆಗಳು ದಾಖಲೆ ಮತ್ತು ವಿಳಾಸಗಳನ್ನು ಇನ್ನೊಂದು ದಿಕ್ಕಿನಿಂದ ಯೋಚಿಸುತ್ತಿದ್ದವು. ಪಿಎಲ್/1 ಭಾಷೆಗೆ ಹೆರಾಲ್ಡ್ ಲಾಸನ್ ಪಾಯಿಂಟರ್ ವೇರಿಯಬಲ್ ಅನ್ನು ತಂದುಕೊಟ್ಟರು. ಪಾಯಿಂಟರ್‌ನಿಂದ ದಾಖಲೆಯ ಒಳಗಿನ ಭಾಗಕ್ಕೆ ಹೋಗಲು ಬಾಣದ ಗುರುತು (->) ಬಳಸುವ ರೂಢಿ ಆ ಭಾಷೆಯಲ್ಲಿತ್ತು. ಟೋನಿ ಹೋರ್ 1965ರಲ್ಲಿ ದಾಖಲೆಗಳು ಮತ್ತು ಅವುಗಳ ರೆಫರೆನ್ಸ್‌ಗಳ ಬಗ್ಗೆ ವಿನ್ಯಾಸ ಮಾಡುವಾಗ ‘ಯಾವುದನ್ನೂ ಸೂಚಿಸದ’ ನಲ್ ರೆಫರೆನ್ಸನ್ನು ಸೇರಿಸಿದರು. ಅದು ಶತಕೋಟಿ ಡಾಲರ್ ಬೆಲೆಯ ತಪ್ಪು ಎಂದು 2009ರಲ್ಲಿ ಅವರೇ ಹೇಳಿದರು. ಬಾಣದ ಗುರುತೂ ನಲ್ ಬೆಲೆಯೂ ಮುಂದೆ ಸಿ ಭಾಷೆಯ ನಿತ್ಯ ಬಳಕೆಗೆ ಬಂದವು.

ಹದಿನಾರು ಬೈಟ್‌ಗಳ ದಾಖಲೆ

1970ರಲ್ಲಿ ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ ತಂಡಕ್ಕೆ ಪಿಡಿಪಿ-11 ಯಂತ್ರ ಬಂತು. ಅದರಲ್ಲಿ ಪ್ರತಿ ಬೈಟ್‌ಗೂ ಬೇರೆ ವಿಳಾಸ. ಬಿ ಭಾಷೆಯ ಪಾಯಿಂಟರ್ ವರ್ಡ್‌ಗಳ ಕ್ರಮಸಂಖ್ಯೆಯಾಗಿದ್ದುದರಿಂದ ಪ್ರತಿ ಬಾರಿ ಅದನ್ನು ಬೈಟ್ ವಿಳಾಸವಾಗಿ ಪರಿವರ್ತಿಸಬೇಕಾಯಿತು. ಅಕ್ಷರಗಳನ್ನು ಬಿಡಿಬಿಡಿಯಾಗಿ ನಿಭಾಯಿಸುವುದೂ ತೊಡಕಾಯಿತು. ಅದೇ ತಂಡದ ಡೆನಿಸ್ ರಿಚಿ 1971ರಲ್ಲಿ ಬಿ ಭಾಷೆಗೆ ‘ಇಂಟ್’ ಮತ್ತು ‘ಕ್ಯಾರ್’ ಎಂಬ ಟೈಪ್‌ಗಳನ್ನೂ, ಅವುಗಳ ಅರೇ ಮತ್ತು ಪಾಯಿಂಟರ್‌ಗಳನ್ನೂ ಸೇರಿಸಿದರು. ಈ ಹೊಸ ಬಿ ಭಾಷೆಯೇ ಸಿ ಭಾಷೆಗೆ ಮೆಟ್ಟಿಲಾಯಿತು.

ನಿಜವಾದ ಕಗ್ಗಂಟು ಎದುರಾದದ್ದು ಸ್ಟ್ರಕ್ಚರ್ ಸೇರಿಸಲು ಹೊರಟಾಗ. ಅದಕ್ಕೆ ರಿಚಿ ಕೊಟ್ಟ ಉದಾಹರಣೆ ಯುನಿಕ್ಸ್‌ನ ಡೈರೆಕ್ಟರಿ ನಮೂದು. ಡಿಸ್ಕ್‌ನ ಮೇಲೆ ಪ್ರತಿ ನಮೂದಿಗೂ 16 ಬೈಟ್: ಫೈಲಿನ ಐನೋಡ್ (ಫೈಲಿನ ವಿವರಗಳ ದಾಖಲೆ) ಸಂಖ್ಯೆಗೆ 2, ಹೆಸರಿಗೆ 14. ಪ್ರೋಗ್ರಾಮ್‌ನಲ್ಲಿ ಬರೆಯುವ ಸ್ಟ್ರಕ್ಚರ್ ಈ 16 ಬೈಟ್‌ಗಳ ಮೇಲೆ ಅಚ್ಚುಕಟ್ಟಾಗಿ ಕೂರಬೇಕು. ಆದರೆ ಹಳೆಯ ಕ್ರಮದಂತೆ ಹೆಸರಿನ 14 ಅಕ್ಷರಗಳ ಅರೇಗೆ ಅದರ ವಿಳಾಸ ಹಿಡಿದಿಡುವ ಪ್ರತ್ಯೇಕ ಕೋಶ ಬೇಕು. ಆ ಕೋಶವನ್ನು ಎಲ್ಲಿ ಇಡುವುದು? ಸ್ಟ್ರಕ್ಚರ್ ಒಳಗೆ ಇಟ್ಟರೆ ಡಿಸ್ಕ್‌ನ ಅಳತೆಗೆ ಹೊಂದುವುದಿಲ್ಲ. ಹೊಸ ಸ್ಟ್ರಕ್ಚರ್‌ಗೆ ಜಾಗ ಕೊಟ್ಟಾಗಲೆಲ್ಲ ಒಳಗಿನ ವಿಳಾಸಗಳನ್ನು ತುಂಬುವ ಕೆಲಸವೂ ಮೈಮೇಲೆ ಬರುತ್ತದೆ.

ರಿಚಿ ಆ ಕೋಶವನ್ನೇ ಕೈಬಿಟ್ಟರು. ಅರೇಯ ಹೆಸರು ಲೆಕ್ಕದ ನಡುವೆ ಬಂದಾಗ ಅದರ ಮೊದಲ ಅಂಶದ ವಿಳಾಸ ಅಲ್ಲಿಯೇ ಸಿದ್ಧವಾಗುತ್ತದೆ, ಅದನ್ನು ಮೆಮೊರಿಯಲ್ಲಿ ಬರೆದಿಡಬೇಕಾಗಿಲ್ಲ ಎಂಬ ನಿಯಮ ತಂದರು. ಟೈಪ್ ಇಲ್ಲದ ಬಿಸಿಪಿಎಲ್‌ಗೂ ಟೈಪ್ ಇರುವ ಸಿ ಭಾಷೆಗೂ ನಡುವಿನ ನಿರ್ಣಾಯಕ ನೆಗೆತ ಇದೇ. ಇದರಿಂದ ಸ್ಟ್ರಕ್ಚರ್ ಎಂಬುದು ಮೆಮೊರಿಯ ಒಂದು ತುಣುಕಿನ ನೇರ ನಕ್ಷೆಯಾಯಿತು. ಅದರ ಮೊದಲ ಬೈಟ್‌ನ ವಿಳಾಸ ಕೈಯಲ್ಲಿದ್ದರೆ ಒಳಗಿನ ಯಾವ ಭಾಗವಾದರೂ ಇಷ್ಟು ಬೈಟ್ ದೂರದಲ್ಲಿದೆ ಎಂದು ಕಂಪೈಲರ್ ಲೆಕ್ಕ ಹಾಕಬಲ್ಲದು.

1972ರಲ್ಲಿ, ಸ್ಟ್ರಕ್ಚರ್ ಇನ್ನೂ ಇಲ್ಲದಿದ್ದಾಗ, ಥಾಂಪ್ಸನ್ ಯುನಿಕ್ಸ್ ಕರ್ನಲನ್ನು (ಆ ವ್ಯವಸ್ಥೆಯ ತಿರುಳನ್ನು) ಸಿ ಭಾಷೆಯಲ್ಲಿ ಬರೆಯಲು ಯತ್ನಿಸಿ ಕೈಬಿಟ್ಟಿದ್ದರು. ಸ್ಟ್ರಕ್ಚರ್ ಬಂದ ಮೇಲೆ, 1973ರ ಬೇಸಿಗೆಯಲ್ಲಿ, ಆ ಕೆಲಸ ಕೈಗೂಡಿತು.

ಕರ್ನಲ್‌ನ ಕೋಷ್ಟಕಗಳು

ಆ ಕಾಲದ ಪದ್ಧತಿಯನ್ನು ಹತ್ತಿರದಿಂದ ಕಾಣಲು 1975ರ ಆರನೆಯ ಆವೃತ್ತಿಯ ಯುನಿಕ್ಸ್ ಒಳ್ಳೆಯ ಆಕರ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಅದರ ಕರ್ನಲ್‌ಗೆ ಸಾಲುಸಾಲಾಗಿ ವ್ಯಾಖ್ಯಾನ ಬರೆದುದರಿಂದ ಅನೇಕ ತಲೆಮಾರಿನ ವಿದ್ಯಾರ್ಥಿಗಳು ಅದನ್ನು ಓದಿದ್ದಾರೆ.

ಆ ಕರ್ನಲ್ ಸ್ಟ್ರಕ್ಚರ್‌ಗಳನ್ನು ಬೇಕಾದಾಗ ಹೊಸದಾಗಿ ಸೃಷ್ಟಿಸುತ್ತಿರಲಿಲ್ಲ. ಪ್ರೋಸೆಸ್‌ಗಳಿಗೆ 50 ಸ್ಥಾನ, ಐನೋಡ್‌ಗಳಿಗೆ 100 ಸ್ಥಾನ ಎಂದು ಮೊದಲೇ ಅಳತೆ ನಿಗದಿಯಾದ ಕೋಷ್ಟಕಗಳಿದ್ದವು. ಒಂದು ಫೈಲಿನ ಐನೋಡ್ ಬೇಕಾದಾಗ ‘ಐಗೆಟ್’ ಎಂಬ ಫಂಕ್ಷನ್‌ಗೆ ಕರೆ ಹೋಗುತ್ತಿತ್ತು. ಅದು ಕೋಷ್ಟಕವನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತಿತ್ತು. ಕೇಳಿದ ಐನೋಡ್ ಆಗಲೇ ಅಲ್ಲಿದ್ದರೆ ಅದರ ಬಳಕೆಯ ಎಣಿಕೆಯನ್ನು ಒಂದು ಹೆಚ್ಚಿಸಿ ಅದರ ಪಾಯಿಂಟರ್ ಕೊಡುತ್ತಿತ್ತು. ಇಲ್ಲದಿದ್ದರೆ ಎಣಿಕೆ ಸೊನ್ನೆಯಾಗಿರುವ ಖಾಲಿ ಸ್ಥಾನ ಹಿಡಿದು, ಡಿಸ್ಕ್‌ನಿಂದ ಓದಿದ ಮಾಹಿತಿಯನ್ನು ಅಲ್ಲಿ ತುಂಬಿ, ಆ ಸ್ಥಾನದ ಪಾಯಿಂಟರ್ ಕೊಡುತ್ತಿತ್ತು. ಖಾಲಿ ಸ್ಥಾನವೇ ಇಲ್ಲವಾದರೆ ಕೋಷ್ಟಕ ತುಂಬಿದೆ ಎಂಬ ಸಂದೇಶವನ್ನು ಕನ್ಸೋಲ್‌ನಲ್ಲಿ ಮುದ್ರಿಸಿ ನಲ್ ಹಿಂದಿರುಗಿಸುತ್ತಿತ್ತು. ಕೆಲಸ ಮುಗಿದವರು ‘ಐಪುಟ್’ ಕರೆಯಬೇಕು. ಅದು ಎಣಿಕೆಯನ್ನು ಒಂದು ಇಳಿಸುತ್ತದೆ. ಜಾಗ ಕೋಷ್ಟಕದ್ದು, ಪಡೆದವರದ್ದು ಬಳಕೆಯ ಹಕ್ಕು ಮಾತ್ರ, ಪಡೆದದ್ದನ್ನು ಹಿಂದೆ ಕೊಡಲೇಬೇಕು ಎಂಬ ಶಿಸ್ತು ಹೀಗೆ ಫಂಕ್ಷನ್‌ಗಳ ಜೋಡಿಯಲ್ಲಿ ನೆಲೆಗೊಂಡಿತು.

ಟೈಪ್‌ಗಳ ವಿಷಯದಲ್ಲಿ ಮಾತ್ರ ಆಗ ಶಿಸ್ತು ಸಡಿಲ. ‘ಐಗೆಟ್’ ಸ್ಟ್ರಕ್ಚರ್ ಪಾಯಿಂಟರ್ ಕೊಡುತ್ತದೆಂದು ಅದರ ಘೋಷಣೆಯಲ್ಲಿ ಬರೆದೇ ಇರಲಿಲ್ಲ. ಟೈಪ್ ಹೇಳದಿದ್ದರೆ ‘ಇಂಟ್’ ಎಂದೇ ಅರ್ಥ. ಪಿಡಿಪಿ-11ರಲ್ಲಿ ‘ಇಂಟ್’ ಮತ್ತು ಪಾಯಿಂಟರ್ ಎರಡೂ 16 ಬಿಟ್ ಆದ್ದರಿಂದ ಕೆಲಸ ನಡೆಯುತ್ತಿತ್ತು. ಬಾಣದ ಗುರುತಿನ ಎಡಗಡೆ ಬರೀ ಅಂಕಿಯನ್ನು ಬರೆದರೂ ಕಂಪೈಲರ್ ಒಪ್ಪುತ್ತಿತ್ತು. ಯಂತ್ರದ ಸ್ಥಿತಿ ತಿಳಿಸುವ ರಿಜಿಸ್ಟರ್‌ನ ವಿಳಾಸವನ್ನು ನೇರವಾಗಿ ಅಂಕಿಯಲ್ಲಿ ಬರೆದು, ಬಾಣ ಹಾಕಿ ಓದುವುದು ಆ ಕರ್ನಲ್‌ನಲ್ಲಿ ಸಾಮಾನ್ಯವಾಗಿತ್ತು. ಎಲ್ಲ ಸ್ಟ್ರಕ್ಚರ್‌ಗಳ ಒಳಹೆಸರುಗಳೂ ಒಂದೇ ಪಟ್ಟಿಗೆ ಸೇರುತ್ತಿದ್ದುದರಿಂದ ಹೆಸರುಗಳು ಡಿಕ್ಕಿಯಾಗದಂತೆ ಪ್ರತಿಯೊಂದಕ್ಕೂ ಸ್ಟ್ರಕ್ಚರ್‌ನ ಗುರುತಾಗಿ ಒಂದೆರಡು ಅಕ್ಷರಗಳನ್ನು ಮುಂದೆ ಸೇರಿಸುವ ಪದ್ಧತಿ ಬೆಳೆಯಿತು. ಸಮಯದ ಸ್ಟ್ರಕ್ಚರ್‌ನ ಪ್ರತಿ ಭಾಗದ ಹೆಸರಿಗೂ ಇಂದಿಗೂ ‘ಟಿಎಂ’ ಎಂಬ ಮುಂಚಿಹ್ನೆ ಇರುವುದು ಆ ಕಾಲದ ಉಳಿಕೆ.

ಹೀಪ್‌ನಿಂದ ಪಡೆದ ಜಾಗ

ಕೋಷ್ಟಕದ ಅಳತೆಯನ್ನು ಮೊದಲೇ ಗೊತ್ತುಮಾಡಬೇಕು. ಎಷ್ಟು ಸ್ಟ್ರಕ್ಚರ್ ಬೇಕಾದೀತು ಎಂಬುದು ಪ್ರೋಗ್ರಾಮ್ ಓಡುವಾಗ ಮಾತ್ರ ತಿಳಿಯುವ ಸಂದರ್ಭಗಳಿಗೆ ಇದು ಸಾಲದು. ಬ್ರಯನ್ ಕರ್ನಿಹನ್ ಮತ್ತು ರಿಚಿ 1978ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕ ಇದಕ್ಕೆ ಮಾದರಿಯೊಂದನ್ನು ಕೊಟ್ಟಿತು. ಕೊಟ್ಟ ಬರಹದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಪ್ರೋಗ್ರಾಮ್ ಅದು. ಪ್ರತಿ ಪದಕ್ಕೂ ಒಂದು ಸ್ಟ್ರಕ್ಚರ್. ಅದರಲ್ಲಿ ಪದ, ಎಣಿಕೆ, ಎಡ ಮತ್ತು ಬಲ ಕೊಂಬೆಗಳಿಗೆ ಒಂದೊಂದು ಪಾಯಿಂಟರ್. ಹೊಸ ಪದ ಕಂಡಾಗ ‘ಟ್ಯಾಲಕ್’ ಎಂಬ ಒಂದೇ ಸಾಲಿನ ಫಂಕ್ಷನ್ ಒಂದು ಸ್ಟ್ರಕ್ಚರ್‌ಗೆ ಬೇಕಾದಷ್ಟು ಬೈಟ್ ಜಾಗ ಕೇಳಿ ಪಡೆದು, ಸಿಕ್ಕ ವಿಳಾಸವನ್ನು ಆ ಸ್ಟ್ರಕ್ಚರ್‌ನ ಪಾಯಿಂಟರ್ ಆಗಿ ಪರಿವರ್ತಿಸಿ ಹಿಂದಿರುಗಿಸುತ್ತಿತ್ತು. ಸ್ಟ್ರಕ್ಚರ್ ಸೃಷ್ಟಿಸಿ ಅದರ ಪಾಯಿಂಟರ್ ಕೊಡುವ ಫಂಕ್ಷನ್‌ಗೆ ಇಂದಿಗೂ ತರಗತಿಗಳಲ್ಲಿ ಹೇಳಿಕೊಡುವ ರೂಪ ಇದೇ. 1988ರ ಎರಡನೆಯ ಆವೃತ್ತಿಯಲ್ಲಿ ಅದು ‘ಮ್ಯಾಲಕ್’ ಬಳಸುವಂತೆ ಬದಲಾಯಿತು.

‘ಮ್ಯಾಲಕ್’ ಜಾಗ ಕೊಡುವುದು ಹೀಪ್ ಎಂಬ ಮೆಮೊರಿ ಭಾಗದಿಂದ. ‘ಫ್ರೀ’ ಕರೆಯುವವರೆಗೂ ಆ ಜಾಗ ಉಳಿದಿರುತ್ತದೆ. ಫಂಕ್ಷನ್ ಒಳಗೆ ಘೋಷಿಸಿದ ಸಾಮಾನ್ಯ ವೇರಿಯಬಲ್‌ನ ಪರಿಸ್ಥಿತಿ ಹಾಗಲ್ಲ. ಅದರ ಜಾಗ ಸ್ಟ್ಯಾಕ್‌ನಲ್ಲಿ. ಫಂಕ್ಷನ್ ಮುಗಿದ ಕೂಡಲೇ ಅದರ ಆಯುಸ್ಸೂ ಮುಗಿಯುತ್ತದೆ. ಅಂಥ ಸ್ಟ್ರಕ್ಚರ್‌ನ ವಿಳಾಸವನ್ನು ಹಿಂದಿರುಗಿಸಿದರೆ ಒಳಗಿನ ಬೆಲೆಗಳು ಸ್ವಲ್ಪ ಹೊತ್ತು ಸರಿಯಾಗಿಯೇ ಕಾಣಬಹುದು. ಇನ್ನೊಂದು ಫಂಕ್ಷನ್ ಕರೆದೊಡನೆ ಅದರ ವೇರಿಯಬಲ್‌ಗಳು ಅದೇ ಜಾಗದ ಮೇಲೆ ಬಂದು ಕೂರುತ್ತವೆ. ಪರೀಕ್ಷೆಯಲ್ಲಿ ಪಾಸಾದ ಪ್ರೋಗ್ರಾಮ್ ಬಳಕೆಯಲ್ಲಿ ಕೆಡುವುದು ಇಂಥ ಕಡೆ. ಇಂದಿನ ಕಂಪೈಲರ್‌ಗಳು ನೇರವಾಗಿ ಕಂಡುಬರುವ ಇಂಥ ತಪ್ಪಿಗೆ ಎಚ್ಚರಿಕೆ ಕೊಡುತ್ತವೆ. ವಿಳಾಸ ಬೇರೆ ವೇರಿಯಬಲ್‌ಗಳ ಮೂಲಕ ಸುತ್ತಿ ಬಂದರೆ ಅದು ಅವುಗಳ ಕಣ್ಣಿಗೆ ಬೀಳದೆ ಹೋಗುವುದುಂಟು.

ಪಾಯಿಂಟರ್‌ನ ಬದಲು ಇಡೀ ಸ್ಟ್ರಕ್ಚರನ್ನೇ ಹಿಂದಿರುಗಿಸುವ ದಾರಿ 1978ರ ಪುಸ್ತಕದ ಭಾಷೆಯಲ್ಲಿ ಇರಲಿಲ್ಲ. ಸ್ಟ್ರಕ್ಚರ್‌ನ ವಿಳಾಸ ತೆಗೆದುಕೊಳ್ಳಬಹುದಿತ್ತು, ಒಳಗಿನ ಭಾಗಗಳನ್ನು ಮುಟ್ಟಬಹುದಿತ್ತು, ಅಷ್ಟೇ. ಈ ಮಿತಿ ಬೇಗನೆ ತೊಲಗಿತು. ಆದರೆ ಸ್ಟೀವ್ ಜಾನ್ಸನ್ ಬರೆದ, ಬಹಳ ಕಡೆ ಬಳಕೆಗೆ ಬಂದ ಪೋರ್ಟಬಲ್ ಸಿ ಕಂಪೈಲರ್ ಸ್ಟ್ರಕ್ಚರ್ ಹಿಂದಿರುಗಿಸುವಾಗ ಅದನ್ನು ಒಂದು ಸ್ಥಿರ ಜಾಗಕ್ಕೆ ನಕಲು ಮಾಡಿ, ಅದರ ವಿಳಾಸವನ್ನು ಒಳಗೊಳಗೇ ಕಳಿಸುತ್ತಿತ್ತು. ಮೇಲುನೋಟಕ್ಕೆ ಸ್ಟ್ರಕ್ಚರ್, ಒಳಗೆ ಪಾಯಿಂಟರ್. ದೊಡ್ಡ ಸ್ಟ್ರಕ್ಚರ್‌ಗಳನ್ನು ನಕಲು ಮಾಡುವ ಖರ್ಚೂ ಸೇರಿ, ಸಿ ಪ್ರೋಗ್ರಾಮರ್‌ಗಳಲ್ಲಿ ಪಾಯಿಂಟರ್ ಕೊಡುವ ರೂಢಿಯೇ ಗಟ್ಟಿಯಾಯಿತು.

ಸ್ಥಿರ ಜಾಗದ ಅನುಕೂಲ ಮತ್ತು ಅಪಾಯ

ಯುನಿಕ್ಸ್ ಲೈಬ್ರರಿಯ ಹಲವು ಫಂಕ್ಷನ್‌ಗಳು ಕೋಷ್ಟಕವೂ ಅಲ್ಲದ, ಹೀಪೂ ಅಲ್ಲದ ಮೂರನೆಯ ದಾರಿ ಹಿಡಿದವು. ಫಂಕ್ಷನ್ ತನ್ನದೇ ಆದ ಒಂದು ಸ್ಟ್ಯಾಟಿಕ್ ಸ್ಟ್ರಕ್ಚರ್ ಇಟ್ಟುಕೊಂಡು, ಪ್ರತಿ ಕರೆಗೂ ಅದರಲ್ಲೇ ಉತ್ತರ ತುಂಬಿ ಅದರ ಪಾಯಿಂಟರ್ ಕೊಡುವುದು ಈ ಪದ್ಧತಿ. ಸಮಯವನ್ನು ದಿನ, ತಿಂಗಳು, ವರ್ಷ, ಗಂಟೆ, ನಿಮಿಷಗಳಾಗಿ ಬಿಡಿಸಿಕೊಡುವ ‘ಲೋಕಲ್‌ಟೈಮ್’ ಇದಕ್ಕೆ ಹೆಸರಾದ ಉದಾಹರಣೆ. ಬಳಕೆದಾರರ ವಿವರ ಕೊಡುವ ಫಂಕ್ಷನ್‌ಗಳೂ, ಮುಂದೆ ನೆಟ್‌ವರ್ಕ್‌ನ ಹೆಸರಿನಿಂದ ಯಂತ್ರದ ವಿಳಾಸ ಹುಡುಕಿಕೊಡುವ ಫಂಕ್ಷನ್ನೂ ಇದೇ ಜಾತಿಗೆ ಸೇರಿದವು.

ಕರೆದವರಿಗೆ ಇದರಲ್ಲಿ ಏನೂ ಹೊರೆಯಿಲ್ಲ. ಜಾಗ ಒದಗಿಸಬೇಕಾಗಿಲ್ಲ, ಬಿಡುಗಡೆ ಮಾಡಬೇಕಾಗಿಲ್ಲ. ಆದರೆ ಜಾಗ ಇರುವುದು ಒಂದೇ. ಒಂದು ಬಸ್ಸು ಹೊರಡುವ ಸಮಯಕ್ಕೆ ‘ಲೋಕಲ್‌ಟೈಮ್’ ಕರೆದು ಪಾಯಿಂಟರ್ ಇಟ್ಟುಕೊಂಡು, ತಲುಪುವ ಸಮಯಕ್ಕೆ ಮತ್ತೊಮ್ಮೆ ಕರೆದು ಎರಡನ್ನೂ ಮುದ್ರಿಸಿದರೆ ಎರಡೂ ಕಡೆ ತಲುಪುವ ಸಮಯವೇ ಬರುತ್ತದೆ. ಎರಡು ಪಾಯಿಂಟರ್‌ಗಳೂ ಸೂಚಿಸುವುದು ಒಂದೇ ಸ್ಟ್ರಕ್ಚರನ್ನು. ಎರಡನೆಯ ಕರೆ ಮೊದಲ ಉತ್ತರವನ್ನು ಅಳಿಸಿಹಾಕಿರುತ್ತದೆ. ಮೊದಲ ಉತ್ತರ ಉಳಿಯಬೇಕಾದರೆ ಎರಡನೆಯ ಕರೆಗೆ ಮುಂಚೆ ಇಡೀ ಸ್ಟ್ರಕ್ಚರನ್ನು ಸ್ವಂತ ವೇರಿಯಬಲ್‌ಗೆ ನಕಲು ಮಾಡಿಕೊಳ್ಳಬೇಕು.

ನಾಲ್ಕನೆಯ ದಾರಿಯೂ ಆಗಲೇ ಇತ್ತು. ಫೈಲಿನ ಗಾತ್ರ, ದಿನಾಂಕ ಮೊದಲಾದುವನ್ನು ತಿಳಿಸುವ ‘ಸ್ಟ್ಯಾಟ್’ ಕರೆಯಲ್ಲಿ ಕರೆದವರೇ ಸ್ಟ್ರಕ್ಚರ್ ಸಿದ್ಧಪಡಿಸಿ ಅದರ ವಿಳಾಸ ಕೊಡುತ್ತಾರೆ. ಕರೆ ಅದರೊಳಗೆ ತುಂಬುತ್ತದೆ. ಇಲ್ಲಿ ಒಡೆತನದ ಬಗ್ಗೆ ಗೊಂದಲವೇ ಏಳುವುದಿಲ್ಲ.

ಟೈಪ್‌ಗಳ ಬಿಗಿ

1977ರ ನಂತರ ಯುನಿಕ್ಸ್ ಅನ್ನು ಇಂಟರ್‌ಡೇಟಾ 8/32 ಎಂಬ 32 ಬಿಟ್ ಯಂತ್ರಕ್ಕೆ ಸಾಗಿಸುವ ಕೆಲಸ ನಡೆಯಿತು. ಪಾಯಿಂಟರ್ ಮತ್ತು ಅಂಕಿಗಳನ್ನು ಬೆರೆಸಿ ಬರೆದ ಹಳೆಯ ಸಾಲುಗಳು ಆಗ ಅಡ್ಡ ಬಂದವು. ಟೈಪ್‌ಗಳ ಬಗ್ಗೆ ಬಿಗಿ ಹೆಚ್ಚಿತು; ಕಂಪೈಲರ್ ಕಡೆಗಣಿಸಿದ ಇಂಥ ಬೆರಕೆಗಳನ್ನು ಎತ್ತಿ ತೋರಿಸಲು ಜಾನ್ಸನ್ ‘ಲಿಂಟ್’ ಎಂಬ ಸಾಧನ ಬರೆದರು. 1979ರ ಏಳನೆಯ ಆವೃತ್ತಿಯ ಹೊತ್ತಿಗೆ ಕರ್ನಲ್ ಫಂಕ್ಷನ್‌ಗಳ ತಲೆಸಾಲಿನಲ್ಲೇ ತಾವು ಯಾವ ಸ್ಟ್ರಕ್ಚರ್‌ನ ಪಾಯಿಂಟರ್ ಕೊಡುತ್ತೇವೆ ಎಂಬ ಘೋಷಣೆ ಕಾಣಿಸಿಕೊಂಡಿತು.

1989ರ ಆನ್ಸಿ ಮಾನಕ ಈ ಬಿಗಿಯನ್ನು ನಿಯಮವಾಗಿಸಿತು. ಫಂಕ್ಷನ್ ಏನು ಪಡೆಯುತ್ತದೆ, ಏನು ಕೊಡುತ್ತದೆ ಎಂದು ಮೊದಲೇ ಹೇಳುವ ಪ್ರೋಟೋಟೈಪ್‌ಗಳು ಬಂದವು. ‘ಮ್ಯಾಲಕ್’ ಹಿಂದೆ ಅಕ್ಷರದ ಪಾಯಿಂಟರ್ ಕೊಡುತ್ತಿತ್ತು. ಈಗ ‘ವಾಯ್ಡ್’ ಪಾಯಿಂಟರ್ ಕೊಡತೊಡಗಿತು. ಅದನ್ನು ಯಾವ ಸ್ಟ್ರಕ್ಚರ್ ಪಾಯಿಂಟರ್‌ಗಾದರೂ ಪರಿವರ್ತನೆಯ ಗುರುತಿಲ್ಲದೆಯೇ ಕೊಡಬಹುದಾಯಿತು. ಆದರೂ ಘೋಷಿಸದ ಫಂಕ್ಷನ್ ‘ಇಂಟ್’ ಕೊಡುತ್ತದೆ ಎಂಬ ಹಳೆಯ ನಿಯಮ ಉಳಿದುಕೊಂಡಿತು. 64 ಬಿಟ್ ಯಂತ್ರಗಳಲ್ಲಿ ಪಾಯಿಂಟರ್ 64 ಬಿಟ್, ‘ಇಂಟ್’ 32 ಬಿಟ್. ತಲೆಕಡತ ಸೇರಿಸಲು ಮರೆತು ‘ಮ್ಯಾಲಕ್’ ಕರೆದರೆ ವಿಳಾಸದ ಅರ್ಧ ಭಾಗ ಕತ್ತರಿಸಿಹೋಗುತ್ತಿತ್ತು. 1999ರ ಮಾನಕ ಆ ನಿಯಮವನ್ನು ತೆಗೆದುಹಾಕಿತು. ಜಿಸಿಸಿ ಕಂಪೈಲರ್ ಘೋಷಿಸದ ಫಂಕ್ಷನ್ ಕರೆಯುವುದನ್ನು ಎಚ್ಚರಿಕೆಯ ದರ್ಜೆಯಿಂದ ದೋಷದ ದರ್ಜೆಗೆ ಏರಿಸಿದ್ದು 2024ರ 14ನೆಯ ಆವೃತ್ತಿಯಲ್ಲಿ.

ಮರೆಯಲ್ಲಿಟ್ಟ ಒಳರಚನೆ

ಫೈಲ್ ತೆರೆಯುವ ‘ಎಫ್‌ಓಪನ್’ ಕೊಡುವುದೂ ಸ್ಟ್ರಕ್ಚರ್ ಪಾಯಿಂಟರನ್ನೇ. 1978ರ ಪುಸ್ತಕದಲ್ಲಿ ಕೊಟ್ಟ ಮಾದರಿಯಲ್ಲಿ ಅದು 20 ಸ್ಥಾನಗಳ ಕೋಷ್ಟಕದಲ್ಲಿ ಖಾಲಿ ಸ್ಥಾನ ಹುಡುಕಿ ಅದರ ಪಾಯಿಂಟರ್ ಕೊಡುತ್ತದೆ, ಇಲ್ಲದಿದ್ದರೆ ನಲ್. ಬಳಸುವವರಿಗೆ ಆ ಸ್ಟ್ರಕ್ಚರ್ ಒಳಗೆ ಏನಿದೆ ಎಂಬುದು ಬೇಕಾಗಿಲ್ಲ. ಪಾಯಿಂಟರನ್ನು ಓದುವ, ಬರೆಯುವ, ಮುಚ್ಚುವ ಫಂಕ್ಷನ್‌ಗಳಿಗೆ ಕೊಟ್ಟರೆ ಸಾಕು. ಆದ್ದರಿಂದ ಒಳರಚನೆ ಬದಲಾದರೂ ಬಳಕೆಯ ಕ್ರಮ ಬದಲಾಗಲಿಲ್ಲ.

ಸ್ಟ್ರಕ್ಚರ್‌ನ ಹುಟ್ಟಿಗೆ ನೆಪವಾಗಿದ್ದ ಡೈರೆಕ್ಟರಿ ನಮೂದೂ ಇದೇ ದಾರಿ ಹಿಡಿಯಿತು. ಬಹಳ ವರ್ಷ ಪ್ರೋಗ್ರಾಮ್‌ಗಳು ಡೈರೆಕ್ಟರಿಯನ್ನು ಸಾಮಾನ್ಯ ಫೈಲಿನಂತೆ ತೆರೆದು 16 ಬೈಟ್‌ಗಳಂತೆ ಓದುತ್ತಿದ್ದವು. 1983ರ ಯುನಿಕ್ಸ್ ಆವೃತ್ತಿಯಾದ 4.2 ಬಿಎಸ್‌ಡಿಯ ಹೊಸ ಫೈಲ್ ವ್ಯವಸ್ಥೆ 255 ಅಕ್ಷರಗಳವರೆಗಿನ ಹೆಸರಿಗೆ ಅವಕಾಶ ಕೊಟ್ಟಾಗ ನಮೂದಿನ ಉದ್ದ ಒಂದೇ ಆಗಿ ಉಳಿಯಲಿಲ್ಲ. ‘ಓಪನ್‌ಡಿರ್’, ‘ರೀಡ್‌ಡಿರ್’, ‘ಕ್ಲೋಸ್‌ಡಿರ್’ ಎಂಬ ಫಂಕ್ಷನ್‌ಗಳು ಬಂದವು. ಡಿಸ್ಕ್‌ನ ನಿಜ ರೂಪ ಏನೇ ಇರಲಿ, ಪ್ರೋಗ್ರಾಮ್‌ಗೆ ಸಿಗುವುದು ಒಂದು ಸ್ಟ್ರಕ್ಚರ್‌ನ ಪಾಯಿಂಟರ್.

ಕರ್ನಿಹನ್ ಮತ್ತು ರಿಚಿಯವರ ಎರಡನೆಯ ಆವೃತ್ತಿಯಲ್ಲಿ ಇವುಗಳ ಸರಳ ರೂಪವಿದೆ. ಅಲ್ಲಿ ‘ಓಪನ್‌ಡಿರ್’ ಹೀಪ್‌ನಿಂದ ಸ್ಟ್ರಕ್ಚರ್ ಪಡೆದು ಪಾಯಿಂಟರ್ ಕೊಡುತ್ತದೆ, ‘ಕ್ಲೋಸ್‌ಡಿರ್’ ಅದನ್ನು ಬಿಡುಗಡೆ ಮಾಡುತ್ತದೆ. ‘ರೀಡ್‌ಡಿರ್’ ಮಾತ್ರ ತನ್ನೊಳಗಿನ ಸ್ಟ್ಯಾಟಿಕ್ ಸ್ಟ್ರಕ್ಚರ್‌ನ ಪಾಯಿಂಟರ್ ಕೊಡುತ್ತದೆ. ಮುಂದಿನ ಕರೆಗೆ ಅದರ ಬೆಲೆ ಬದಲಾಗುತ್ತದೆ. ಅಕ್ಕಪಕ್ಕದ ಎರಡು ಫಂಕ್ಷನ್‌ಗಳು ಎರಡು ಒಡೆತನಗಳನ್ನು ಪಾಲಿಸುತ್ತವೆ. ಘೋಷಣೆಗಳಲ್ಲಿ ಈ ವ್ಯತ್ಯಾಸದ ಸುಳಿವಿಲ್ಲ. ಅದನ್ನು ಕೈಪಿಡಿ ಓದಿಯೇ ತಿಳಿಯಬೇಕು.

ಥ್ರೆಡ್‌ಗಳ ಕಾಲ ಮತ್ತು ಈಗಿನ ಪದ್ಧತಿ

ಒಂದೇ ಪ್ರೋಗ್ರಾಮ್‌ನಲ್ಲಿ ಹಲವು ಥ್ರೆಡ್‌ಗಳು ಒಟ್ಟಿಗೆ ಓಡತೊಡಗಿದ ಮೇಲೆ ಸ್ಟ್ಯಾಟಿಕ್ ಸ್ಟ್ರಕ್ಚರ್‌ನ ಅಪಾಯ ಬಹಳ ಹೆಚ್ಚಿತು. ಒಂದು ಥ್ರೆಡ್ ಉತ್ತರ ಓದುತ್ತಿರುವಾಗಲೇ ಇನ್ನೊಂದು ಅದನ್ನು ತಿದ್ದಬಹುದು. ಮೊದಲೇ ನಕಲು ಮಾಡಿಕೊಳ್ಳುವ ಉಪಾಯವೂ ಆಗ ನಿಲ್ಲದು. 1995ರ ಪೋಸಿಕ್ಸ್ ಥ್ರೆಡ್ ಮಾನಕ ‘ಲೋಕಲ್‌ಟೈಮ್’ ಮೊದಲಾದ ಫಂಕ್ಷನ್‌ಗಳಿಗೆ ಹೊಸ ರೂಪ ಕೊಟ್ಟಿತು. ಇವುಗಳಲ್ಲಿ ಕರೆದವರೇ ಸ್ಟ್ರಕ್ಚರ್‌ನ ವಿಳಾಸ ಒದಗಿಸುತ್ತಾರೆ. ಹೊಸ ‘ಲೋಕಲ್‌ಟೈಮ್’ ಅದನ್ನು ತುಂಬಿ ಅದೇ ವಿಳಾಸವನ್ನು ಹಿಂದಿರುಗಿಸುತ್ತದೆ. ಸಿ ಭಾಷೆಯ ಮಾನಕವೇ ಈ ರೂಪವನ್ನು ಸೇರಿಸಿಕೊಂಡದ್ದು ಸಿ23 ಆವೃತ್ತಿಯಲ್ಲಿ. ನೆಟ್‌ವರ್ಕ್ ಹೆಸರು ಹುಡುಕುವ ಹಳೆಯ ಫಂಕ್ಷನ್‌ನ ಜಾಗಕ್ಕೆ 1990ರ ದಶಕದಲ್ಲಿ ಬಂದ ಹೊಸ ಫಂಕ್ಷನ್ ಉತ್ತರಗಳ ಸರಣಿಯನ್ನು ಹೊಸದಾಗಿ ಸೃಷ್ಟಿಸಿ ಕೊಡುತ್ತದೆ. ಅದನ್ನು ಬಿಡುಗಡೆ ಮಾಡುವ ಜೊತೆಗಾರ ಫಂಕ್ಷನನ್ನೂ ಅದರೊಂದಿಗೇ ಕೊಡಲಾಯಿತು.

ಹೀಗೆ ಬೆಳೆದು ಬಂದ ಅನುಭವದಿಂದ ಇಂದಿನ ಸಿ ಲೈಬ್ರರಿಗಳಲ್ಲಿ ಕೆಲವು ಕಟ್ಟುಪಾಡುಗಳು ನೆಲೆಗೊಂಡಿವೆ. ಸ್ಟ್ರಕ್ಚರ್ ಸೃಷ್ಟಿಸುವ ಪ್ರತಿ ಫಂಕ್ಷನ್‌ಗೂ ಅದನ್ನು ನಾಶಮಾಡುವ ಒಂದು ಜೋಡಿ ಇರಬೇಕು. ಜಾಗ ಸಿಗದಿದ್ದರೆ ನಲ್ ಕೊಡಬೇಕು, ಕರೆದವರು ಅದನ್ನು ಪರಿಶೀಲಿಸಬೇಕು. ಅರ್ಧ ತುಂಬಿದ ಸ್ಟ್ರಕ್ಚರನ್ನು ಹೊರಗೆ ಬಿಡಬಾರದು. ನಡುವೆ ವಿಫಲವಾದರೆ ಅಲ್ಲಿಯವರೆಗೆ ಪಡೆದ ಜಾಗವನ್ನೆಲ್ಲ ಬಿಟ್ಟುಕೊಟ್ಟು ಹಿಂದಿರುಗಬೇಕು. ಹೊರಗಿನವರಿಗೆ ಒಳರಚನೆ ಬೇಡವಾದರೆ ತಲೆಕಡತದಲ್ಲಿ ಸ್ಟ್ರಕ್ಚರ್‌ನ ಹೆಸರನ್ನು ಮಾತ್ರ ಬರೆದು ವಿವರವನ್ನು ಮೂಲಕಡತದಲ್ಲಿ ಇಡಬೇಕು. ಪಾಯಿಂಟರ್‌ನ ಒಡೆತನ ಯಾರದೆಂಬುದನ್ನು ಕೈಪಿಡಿಯಲ್ಲಿ ಬರೆದಿರಬೇಕು.

ಇವು ಪ್ರೋಗ್ರಾಮರ್‌ಗಳು ಪಾಲಿಸಬೇಕಾದ ನಿಯಮಗಳು. ಕಂಪೈಲರ್ ಇವನ್ನು ಪೂರ್ತಿಯಾಗಿ ಕಾಯುವುದಿಲ್ಲ. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆ ಒಡೆತನವನ್ನೂ ಎರವಲಿನ ಅವಧಿಯನ್ನೂ ಟೈಪ್‌ನ ಭಾಗವಾಗಿಯೇ ಮಾಡಿ ಕಂಪೈಲರ್‌ನ ಕೈಯಲ್ಲಿಟ್ಟಿತು. ಸಿ ಭಾಷೆಯಲ್ಲಿ ಆ ಹೊಣೆ ಪಾಯಿಂಟರ್ ಕೊಡುವವರ ಮತ್ತು ಪಡೆಯುವವರ ನಡುವಿನ ಒಪ್ಪಂದವಾಗಿಯೇ ಮುಂದುವರಿದಿದೆ.